ನೀರೊಳಗಿದ್ದೂ ಬೆವರುವುದು

ನಮ್ಮ ಓದುಗರ ಬಳಗದ ಸಂಜೆ ಸಭೆಯಲ್ಲಿ ಸೈಕಲಾಜಿಕಲ್ ಥ್ರಿಲ್ಲರ್ ಕಥೆಗಳ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಲ್ಲಲ್ಲಿ ಬಿಟ್ಟುಹೋಗಿದ್ದನ್ನು ಸೇರಿಸಿದ್ದೇನೆ. ಮಾತಿನ ಧಾಟಿ ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಅಪ್ಪ ಹಾಸನದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಒಂದೇ ಮಳಿಗೆ. ಮೂರು ಗೋಡೆಗೂ ಸೂರಿನ ತನಕ ಕಾದಂಬರಿ. 10 ರೂಪಾಯಿ ಠೇವಣಿ, ದಿನಕ್ಕೆ 25 ಪೈಸೆ ಬಾಡಿಗೆ. ಹೊಸ ಪುಸ್ತಕ ಬಂದರೆ ಮೊದಲು ನನ್ನ ಕೈಗೆ ಬರುತ್ತಿತ್ತು, ಹೊಲಿಯುವುದಕ್ಕೆ. ಬೆನ್ನಿನ ಹತ್ತಿರ ದಬ್ಬಣದಿಂದ ಮೂರು ತೂತು, ದಪ್ಪ ದಾರದ ಹೊಲಿಗೆ, ಮೇಲೆ ಮೈದಾ ಅಂಟು ಹಚ್ಚಿ ಕಂದು ಕಾಗದ. ಹಾಗೆ ಮಾಡದಿದ್ದರೆ ಹತ್ತು ಜನರ ಕೈ ದಾಟುವಷ್ಟರಲ್ಲಿ ಪುಸ್ತಕ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಂಗಡಿಯಲ್ಲಿ ಒಂದು ಕಾಟ ಶುರುವಾಯಿತು. ಯಾರೋ ಪತ್ತೇದಾರಿ ಪುಸ್ತಕ ತೆಗೆದುಕೊಂಡು ಹೋಗಿ, ಓದಿ, ಮೊದಲ ಪುಟಗಳಲ್ಲೇ ಒಂದು ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು "ಇವನೇ ಕೊಲೆಗಾರ" ಎಂದು ಬರೆದು ವಾಪಸು ಕೊಡುತ್ತಿದ್ದರು. ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ನಾನು ರಬ್ಬರು ಹಿಡಿದು ಉಜ್ಜುತ್ತಿದ್ದೆ. ಆದರೆ ಒತ್ತಿ ಬರೆದ ಅಕ್ಷರ, ಗುರುತು ಉಳಿಯುತ್ತಿತ್ತು. ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಜನ ಪುಸ್ತಕ ತಂದು ಮೇಜಿನ ಮೇಲೆ ಕುಕ್ಕುತ್ತಿದ್ದರು. "ರಾಯರೇ, ಇದನ್ನ ಓದಿ ಏನು ಪ್ರಯೋಜನ? ಬಾಡಿಗೆ ವಾಪಸು ಕೊಡಿ" ಅನ್ನುತ್ತಿದ್ದರು. ಅಪ್ಪ ಕೊಡುತ್ತಿದ್ದರು.

ಒಂದು ದಿನ ಅಂಥದೇ ಪುಸ್ತಕ ಒಬ್ಬ ಟೀಚರ್ ಕೈಗೆ ಬಂತು. ಗಂಡನೇ ಅಪರಾಧಿ ಅಂತ ಪೆನ್ಸಿಲು ಹೇಳುತ್ತಿತ್ತು. ಅಪ್ಪ "ಬೇರೆ ತಗೊಳ್ಳಿ ಮೇಡಂ, ಇದು ಕೆಟ್ಟುಹೋಗಿದೆ" ಅಂದರು. ಅವರು ಪುಟ ತಿರುವಿ ನೋಡಿ, ಪುಸ್ತಕ ಚೀಲಕ್ಕೆ ಹಾಕಿಕೊಂಡರು. "ಪರವಾಗಿಲ್ಲ ಬಿಡಿ. ಯಾರು ಮಾಡಿದ್ದು ಅನ್ನೋದಲ್ಲ ನನಗೆ ಬೇಕಿರೋದು. ಅವಳಿಗೆ ಯಾವಾಗ ಗೊತ್ತಾಗತ್ತೆ ಅನ್ನೋದು."

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದೆಲ್ಲ ಆ ಟೀಚರ್ ಹೇಳಿದ ಆ ಮಾತಿನ ಬಗ್ಗೆಯೇ.

ಮೊದಲಿಗೆ ಒಂದು ಮಾತು. ಪತ್ತೇದಾರಿ ಕಾದಂಬರಿಯನ್ನು ಕೀಳು ಮಾಡುವ ಉದ್ದೇಶ ನನಗೆ ಖಂಡಿತ ಇಲ್ಲ. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಅವರ ಪುಸ್ತಕ ಹಿಡಿದು ಅಕ್ಷರ ಕೂಡಿಸಿ ಓದಲು ಕಲಿತವರನ್ನು ನಾನು ನಮ್ಮ ಅಂಗಡಿಯಲ್ಲೇ ನೋಡಿದ್ದೇನೆ. ನಮ್ಮ ಅಂಗಡಿಯ ಬಾಡಿಗೆ ಕಟ್ಟಿದ್ದೂ ಬಹುಪಾಲು ಅವರ ಪುಸ್ತಕಗಳೇ. ಆದರೆ ಆ ಕಥೆಗಳ ರುಚಿ ಬೇರೆ. ಅಲ್ಲಿ ಒಂದು ಗಂಟು ಹಾಕಿರುತ್ತಾರೆ. ಪತ್ತೇದಾರ ಬಂದು ಬಿಚ್ಚುತ್ತಾನೆ. ಬಿಚ್ಚಿದ ಮೇಲೆ ಗಂಟು ಇಲ್ಲ, ದಾರ ನೆಟ್ಟಗಾಯಿತು. ಅದಕ್ಕೇ ಪೆನ್ಸಿಲಿನ ಒಂದು ಸಾಲು ಅದನ್ನು ಹಾಳುಮಾಡಬಲ್ಲದು.

ಸೈಕಲಾಜಿಕಲ್ ಥ್ರಿಲ್ಲರ್ ಅಂತ ಈಗ ಎಲ್ಲರೂ ಕರೆಯುವ ಕಥೆಗಳಲ್ಲಿ ಗಂಟು ಹೊರಗಿರುವುದಿಲ್ಲ, ಒಬ್ಬರ ತಲೆಯೊಳಗೆ ಇರುತ್ತದೆ. ಹೆದರಿಕೆ ಅಲ್ಲಿ ಚಾಕುವಿನದಲ್ಲ. ನಾನು ನೋಡುತ್ತಿರುವುದು ನಿಜವೋ ಸುಳ್ಳೋ, ಪಕ್ಕದಲ್ಲಿ ಮಲಗಿರುವ ಮನುಷ್ಯ ಯಾರು, ನಾನೇ ಯಾರು ಅನ್ನುವ ಹೆದರಿಕೆ.

ಇದೇನೋ ಹೊರಗಿನಿಂದ ಬಂದ ಹೊಸ ರುಚಿ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ರನ್ನನ ಗದಾಯುದ್ಧದ ಒಂದು ತುಣುಕು ಹೇಳಿಕೊಟ್ಟಿದ್ದು ನಿಮಗೂ ನೆನಪಿರಬಹುದು. ಯುದ್ಧ ಮುಗಿದಿದೆ. ನೂರು ಕೌರವರಲ್ಲಿ ದುರ್ಯೋಧನ ಒಬ್ಬನೇ ಉಳಿದಿದ್ದಾನೆ. ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಮುಳುಗಿ ಅಡಗಿ ಕೂತಿದ್ದಾನೆ. ದಡದ ಮೇಲೆ ಭೀಮ ಬಂದು ಗರ್ಜಿಸುತ್ತಾನೆ. ಆಗ ರನ್ನ ಹೇಳುತ್ತಾನೆ, "ನೀರೊಳಗಿರ್ದುಂ ಬೆಮರ್ತನ್". ನೀರಿನ ಒಳಗಿದ್ದೂ ಬೆವರಿದ.

ಸಾವಿರ ವರ್ಷದ ಹಿಂದಿನ ಸಾಲು. ಅದನ್ನು ಒಂದು ಸಲ ನಿಧಾನಕ್ಕೆ ನೋಡಿ. ಮೈಮೇಲೆ ನೀರಿದೆ, ಒಳಗಿಂದ ಬೆವರು ಬರುತ್ತಿದೆ. ನೀರಿನಲ್ಲಿರುವವನು ಬೆವರಿದ್ದು ಹೊರಗಿನ ಯಾವ ಕಣ್ಣಿಗೂ ಕಾಣುವುದಿಲ್ಲ. ಅವನಿಗೆ ಮಾತ್ರ ಗೊತ್ತು. ನಮಗೂ ಗೊತ್ತು, ಯಾಕೆಂದರೆ ಕವಿ ನಮ್ಮನ್ನು ಆ ನೀರಿನೊಳಗೆ ಕರೆದುಕೊಂಡು ಹೋಗಿದ್ದಾನೆ. ಇನ್ನೊಂದು ವಿಷಯ ನೋಡಿ. ದುರ್ಯೋಧನ ಸಾಯುತ್ತಾನೆ ಅನ್ನುವುದು ಕೇಳುವ ಪ್ರತಿಯೊಬ್ಬನಿಗೂ ಮೊದಲೇ ಗೊತ್ತು. ತೊಡೆ ಮುರಿಯುತ್ತದೆ ಅನ್ನುವುದೂ ಗೊತ್ತು. ಆದರೂ ಉಸಿರು ಬಿಗಿ ಹಿಡಿಯುತ್ತೇವೆ. ಯಕ್ಷಗಾನದಲ್ಲಿ ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುವಾಗ ಬಯಲಿನಲ್ಲಿ ಕೂತ ಜನ ಏನು ಮಾಡುತ್ತಾರೆ? ನೂರು ಸಲ ನೋಡಿದ್ದಾರೆ. ಆದರೂ ಬೆಳಗಿನ ಜಾವದ ಚಳಿಯಲ್ಲಿ ಕಂಬಳಿ ಹೊದ್ದು ಕಣ್ಣು ಮಿಟುಕಿಸದೆ ಕೂತಿರುತ್ತಾರೆ. ಅವರನ್ನು ಹಿಡಿದು ಕೂರಿಸಿರುವುದು ಕೊನೆ ಏನು ಅನ್ನುವ ಕುತೂಹಲ ಅಲ್ಲವೇ ಅಲ್ಲ.

ಇದನ್ನು ತುಂಬ ಸರಳವಾಗಿ ವಿವರಿಸಿದವನು ಸಿನಿಮಾ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್. 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರೂಫೋ ಅವನ ಜೊತೆ ದಿನಗಟ್ಟಲೆ ಕೂತು ಮಾತಾಡಿದ. ಅದು ಪುಸ್ತಕವಾಗಿ ಬಂದಿದೆ. ಅದರಲ್ಲಿ ಹಿಚ್‌ಕಾಕ್ ಒಂದು ಉದಾಹರಣೆ ಕೊಡುತ್ತಾನೆ. ಇಬ್ಬರು ಮೇಜಿನ ಮುಂದೆ ಕೂತು ಏನೋ ಹರಟೆ ಹೊಡೆಯುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿದ್ದ ಬಾಂಬು ಸಿಡಿಯುತ್ತದೆ. ನೋಡುವವರಿಗೆ 15 ಸೆಕೆಂಡಿನ ಆಶ್ಚರ್ಯ, ಅಷ್ಟೇ. ಈಗ ಅದೇ ದೃಶ್ಯ, ಆದರೆ ಬಾಂಬು ಇಟ್ಟಿದ್ದನ್ನು ನಮಗೆ ಮೊದಲೇ ತೋರಿಸಿದ್ದಾರೆ. ಒಂದು ಗಂಟೆಗೆ ಸಿಡಿಯುತ್ತದೆ ಅಂತಲೂ ಗೊತ್ತು. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಕಾಲು ಗಂಟೆ ಇದೆ. ಅವರು ಅದೇ ಹರಟೆ ಹೊಡೆಯುತ್ತಾರೆ. ಈಗ ಆ ಹರಟೆಯ ಒಂದೊಂದು ಮಾತೂ ನಮಗೆ ಹಿಂಸೆ. ಎದ್ದು ಹೋಗಿ ಮಾರಾಯರೇ ಅಂತ ಕೂಗಬೇಕು ಅನ್ನಿಸುತ್ತದೆ. ಇಲ್ಲಿ ಸಿಕ್ಕಿದ್ದು 15 ನಿಮಿಷ.

ನಮ್ಮ ಟೀಚರ್ ಹೇಳಿದ್ದೂ ಅದೇ, ಅಲ್ವಾ? ಗಂಡನೇ ಅಪರಾಧಿ ಅಂತ ಪೆನ್ಸಿಲು ಹೇಳಿದ ಕೂಡಲೇ ಆ ಪುಸ್ತಕದಲ್ಲಿ ಮೇಜಿನ ಕೆಳಗಿನ ಬಾಂಬು ಅವರಿಗೆ ಕಾಣಿಸಿಬಿಟ್ಟಿತ್ತು. ಅವನು ಹೆಂಡತಿಗೆ ಹಾಲು ತಂದುಕೊಡುತ್ತಾನೆ. ಹಣೆ ಮುಟ್ಟಿ "ಜ್ವರ ಇದೆಯಾ" ಅಂತ ಕೇಳುತ್ತಾನೆ. ಗೊತ್ತಿಲ್ಲದೆ ಓದಿದರೆ ಅದು ಸುಮ್ನೆ ಸಂಸಾರದ ದೃಶ್ಯ. ಗೊತ್ತಿದ್ದು ಓದಿದರೆ ಕೈ ತಣ್ಣಗಾಗುತ್ತದೆ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೆಗೊ ಶಾಖೆಯ ಇಬ್ಬರು ಸಂಶೋಧಕರು, ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್, ಇದನ್ನೇ ಪರೀಕ್ಷೆ ಮಾಡಿದರು. 12 ಸಣ್ಣಕಥೆ ಆರಿಸಿಕೊಂಡರು. ಕೆಲವರಿಗೆ ಕೊನೆಯನ್ನು ಮೊದಲೇ ಹೇಳಿ ಓದಿಸಿದರು, ಕೆಲವರಿಗೆ ಹೇಳದೆ. ಕೊನೆ ಗೊತ್ತಿದ್ದವರೇ ಕಥೆಯನ್ನು ಜಾಸ್ತಿ ಮೆಚ್ಚಿದ್ದರು. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಹಾಗಾಗಿ ಇದನ್ನು ಕೊನೆಯ ಮಾತು ಅಂತ ನಾನು ಹೇಳುವುದಿಲ್ಲ. ನನ್ನ ಅನುಭವದಲ್ಲಿ ಅದು ಕಥೆಯ ಮೇಲೆ ಹೋಗುತ್ತದೆ. ಕೊನೆಯ ಒಂದು ಪುಟಕ್ಕಾಗಿ ಬರೆದ ಕಥೆ ಗುಟ್ಟು ಬಿಟ್ಟುಕೊಟ್ಟರೆ ಸತ್ತುಹೋಗುತ್ತದೆ. ನಡುವಿನ 200 ಪುಟಕ್ಕಾಗಿ ಬರೆದ ಕಥೆಗೆ ಏನೂ ಆಗುವುದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತಿ ಚೊಕ್ಕ ಉದಾಹರಣೆ ಎಡ್ಗರ್ ಆಲನ್ ಪೋ 1843ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಕಥೆ, 'ದ ಟೆಲ್-ಟೇಲ್ ಹಾರ್ಟ್'. ಐದಾರು ಪುಟ, ಅಷ್ಟೇ. ಕೊಲೆಗಾರನೇ ನಮಗೆ ಕಥೆ ಹೇಳುತ್ತಾನೆ. ಶುರುವಿನಲ್ಲೇ ಒಪ್ಪಿಕೊಳ್ಳುತ್ತಾನೆ. ನಾನು ಮುದುಕನನ್ನು ಕೊಂದೆ, ಅವನ ಮೇಲೆ ನನಗೆ ಪ್ರೀತಿ ಇತ್ತು, ಅವನ ದುಡ್ಡೂ ನನಗೆ ಬೇಕಿರಲಿಲ್ಲ, ಅವನ ಒಂದು ಕಣ್ಣು ಮಾತ್ರ ತಡೆಯಲಿಕ್ಕೆ ಆಗಲಿಲ್ಲ ಅನ್ನುತ್ತಾನೆ. ರಣಹದ್ದಿನ ಕಣ್ಣಿನ ಹಾಗೆ, ಮಾಸಲು ನೀಲಿ, ಮೇಲೆ ಪೊರೆ. ಹೇಳಿಬಿಟ್ಟು, ನನಗೆ ಹುಚ್ಚಿಲ್ಲ, ಎಷ್ಟು ಎಚ್ಚರಿಕೆಯಿಂದ ಮಾಡಿದೆ ಕೇಳಿ ಅನ್ನುತ್ತಾನೆ.

ಏಳು ರಾತ್ರಿ, ನಡುರಾತ್ರಿಯ ಹೊತ್ತಿಗೆ, ಮುದುಕನ ಕೋಣೆಯ ಬಾಗಿಲು ತೆರೆಯುತ್ತಾನೆ. ತಲೆ ಒಳಗೆ ಹಾಕುವುದಕ್ಕೇ ಒಂದು ಗಂಟೆ ತೆಗೆದುಕೊಳ್ಳುತ್ತಾನೆ. ಕೈಯಲ್ಲಿ ಮುಚ್ಚಿದ ಲಾಟೀನು. ಅದರ ಬಾಯಿಯನ್ನು ಕೂದಲೆಳೆಯಷ್ಟು ತೆರೆದು ಒಂದೇ ಒಂದು ಬೆಳಕಿನ ಗೆರೆಯನ್ನು ಮುದುಕನ ಕಣ್ಣಿನ ಮೇಲೆ ಬಿಡುತ್ತಾನೆ. ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣಿನ ಮೇಲೆ ಅವನಿಗೆ ಸಿಟ್ಟಿಲ್ಲ. ವಾಪಸು ಹೋಗುತ್ತಾನೆ. ಎಂಟನೇ ರಾತ್ರಿ ಹೆಬ್ಬೆರಳು ಲಾಟೀನಿನ ತಗಡಿಗೆ ಜಾರಿ ಸದ್ದಾಗುತ್ತದೆ. ಮುದುಕ ಎದ್ದು ಕೂರುತ್ತಾನೆ. "ಯಾರಲ್ಲಿ?" ಅನ್ನುತ್ತಾನೆ. ಇವನು ಅಲ್ಲಾಡುವುದಿಲ್ಲ. ಅವನು ಮಲಗುವುದಿಲ್ಲ. ಕತ್ತಲಲ್ಲಿ ಇಬ್ಬರೂ ಒಂದು ಗಂಟೆ ಹಾಗೇ, ಕಿವಿ ನಿಮಿರಿಸಿಕೊಂಡು.

ಈ ಕಥೆಯನ್ನು ನಾನೊಮ್ಮೆ ಅಡುಗೆಮನೆಯಲ್ಲಿ ಕೂತು ಕನ್ನಡ ಮಾಡಿಕೊಂಡು ಗಟ್ಟಿಯಾಗಿ ಓದಿ ಹೇಳಿದೆ. ನಮ್ಮ ಅತ್ತೆ ಸೊಪ್ಪು ಸೋಸುತ್ತಾ ಕೂತಿದ್ದರು. ಕಥೆ ಕಾದಂಬರಿ ಎಂದರೆ ಅವರಿಗೆ ಅಷ್ಟಕ್ಕಷ್ಟೆ. ನಾನು ಆ ಒಂದು ಗಂಟೆಯ ಜಾಗಕ್ಕೆ ಬಂದಾಗ ತಲೆ ಎತ್ತಿ ನೋಡಿದೆ. ಅತ್ತೆಯ ಕೈಯಲ್ಲಿ ಮೆಂತ್ಯದ ಕಡ್ಡಿ ಹಾಗೇ ನಿಂತಿತ್ತು. "ಮುದುಕ ಪಾಪ, ಅವನಿಗೆ ಗೊತ್ತಾಗಿದೆ ಕಣೇ" ಅಂದರು. ಕೊಂದವನು ಯಾರು ಅನ್ನುವ ಪ್ರಶ್ನೆ ಅವರ ಮನಸ್ಸಿಗೆ ಬರಲೇ ಇಲ್ಲ. ಬರುವುದಕ್ಕೆ ಜಾಗವೇ ಇಲ್ಲ ಆ ಕಥೆಯಲ್ಲಿ.

ಆಮೇಲೆ ಕೊಲೆ, ನೆಲದ ಹಲಗೆ ಎಬ್ಬಿಸಿ ಹೆಣ ಹುದುಗಿಸುವುದು, ಬೆಳಗಿನ ನಾಲ್ಕಕ್ಕೆ ಮೂವರು ಪೊಲೀಸರು. ಇವನು ಎಷ್ಟು ಧೈರ್ಯದಲ್ಲಿರುತ್ತಾನೆ ಅಂದರೆ ತನ್ನ ಕುರ್ಚಿಯನ್ನು ಅದೇ ಹಲಗೆಯ ಮೇಲೆ ಹಾಕಿಕೊಂಡು ಕೂತು ಮಾತಾಡುತ್ತಾನೆ. ಆಗ ಶುರುವಾಗುತ್ತದೆ, ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದಂಥ ಸದ್ದು. ಸತ್ತವನ ಎದೆಬಡಿತ. ಪೊಲೀಸರಿಗೆ ಕೇಳುತ್ತಿಲ್ಲ. ಇವನಿಗೆ ಮಾತ್ರ. ನೀರೊಳಗಿದ್ದೂ ಬೆವರುವುದು ಅಂದರೆ ಇದೇ.

ಈಗ ಸ್ವಲ್ಪ ಕಷ್ಟದ ಜಾಗಕ್ಕೆ ಬರುತ್ತೇನೆ. ಇಂಥ ಕಥೆಗಳು ನಮ್ಮನ್ನು ಯಾರ ಪಕ್ಕ ಕೂರಿಸುತ್ತವೆ? 1960ರ 'ಸೈಕೋ' ಸಿನಿಮಾ ನೋಡಿದವರು ಈ ದೃಶ್ಯ ನೆನಪು ಮಾಡಿಕೊಳ್ಳಿ. ಲಾಡ್ಜಿಗೆ ಬಂದ ಹೆಣ್ಣುಮಗಳ ಕೊಲೆಯಾಗಿದೆ. ಲಾಡ್ಜ್ ನೋಡಿಕೊಳ್ಳುವ ಹುಡುಗ ಹೆಣವನ್ನು ಕಾರಿನ ಡಿಕ್ಕಿಯಲ್ಲಿ ಹಾಕಿ, ಕಾರನ್ನು ಜೌಗಿಗೆ ತಳ್ಳುತ್ತಾನೆ. ಕಾರು ನಿಧಾನಕ್ಕೆ ಮುಳುಗುತ್ತದೆ. ಅರ್ಧ ಮುಳುಗಿ ನಿಂತುಬಿಡುತ್ತದೆ. ಹುಡುಗ ಅತ್ತ ಇತ್ತ ನೋಡುತ್ತಾನೆ. ಆ ಎರಡು ಮೂರು ಕ್ಷಣ ನಾವು ಏನು ಬಯಸುತ್ತೇವೆ? ಮುಳುಗಲಿ ಅಂತ! ಸ್ವಲ್ಪ ಹೊತ್ತಿನ ಹಿಂದೆ ಆ ಹೆಣ್ಣುಮಗಳು ತಪ್ಪಿಸಿಕೊಳ್ಳಲಿ ಅಂತ ಹಾರೈಸಿದವರೇ ನಾವು. ಪೆಟ್ರೀಷಿಯಾ ಹೈಸ್ಮಿತ್ 1955ರಲ್ಲಿ ಟಾಮ್ ರಿಪ್ಲಿ ಅನ್ನುವ ಕೊಲೆಗಾರನನ್ನು ಸೃಷ್ಟಿಸಿದಳು. ಅವನ ಮೇಲೆ ಒಟ್ಟು 5 ಕಾದಂಬರಿ ಬರೆದಳು. ಓದುವವರು ಅವನು ಸಿಕ್ಕಿಬೀಳಬಾರದು ಅಂತ ಬೆರಳು ಕಚ್ಚಿಕೊಂಡು ಓದುತ್ತಾರೆ.

ಇದು ಕೆಟ್ಟದ್ದು ಅಂತ ಕೆಲವರು ಹೇಳುತ್ತಾರೆ. ಮನಸ್ಸು ಕೆಡುತ್ತದೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಾರು ನಿಂತಾಗ ನನ್ನ ಎದೆ ಧಸಕ್ಕೆಂದಿದ್ದು ನನ್ನ ಬಗ್ಗೆ ನನಗೆ ಒಂದು ವಿಷಯ ತಿಳಿಸಿತು. ಯಾರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತರೂ ನನ್ನ ಮನಸ್ಸು ಅವರ ಕಡೆ ವಾಲುತ್ತದೆ. ಒಳ್ಳೆಯವರೋ ಕೆಟ್ಟವರೋ ಅಂತ ಕೇಳುವ ಮೊದಲೇ ವಾಲಿರುತ್ತದೆ. ಇದು ಗೊತ್ತಿರುವುದು ಒಳ್ಳೆಯದು. ದಿನಾ ಬೆಳಗಾದರೆ ಯಾರೋ ಒಬ್ಬರು ನಮ್ಮ ಪಕ್ಕ ಕೂತು ತಮ್ಮ ಕಥೆ ಹೇಳುತ್ತಲೇ ಇರುತ್ತಾರೆ.

ಇಷ್ಟು ಹೊತ್ತು ಕೊಲೆಗಾರರ ತಲೆಯೊಳಗೆ ಇದ್ದೆವು. ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ ಕಥೆಗಳು ಇನ್ನೊಂದು ಕಡೆಯಿಂದ ಹೇಳಿದವು. ಯಾರನ್ನೂ ಕೊಲ್ಲದೆ, ಮನೆಯೊಳಗೆ ಕೂತು, ಏನೋ ಸರಿಯಿಲ್ಲ ಅಂತ ಅಂದುಕೊಳ್ಳುತ್ತಿರುವ ಹೆಂಗಸಿನ ಕಡೆಯಿಂದ.

1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಅನ್ನುವ ಇಂಗ್ಲಿಷ್ ಲೇಖಕ 'ಗ್ಯಾಸ್ ಲೈಟ್' ಅಂತ ಒಂದು ನಾಟಕ ಬರೆದ. ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ. ಗಂಡ ಜಾಕ್, ಹೆಂಡತಿ ಬೆಲ್ಲಾ. ಮನೆಯಲ್ಲಿ ವಸ್ತುಗಳು ಕಾಣೆಯಾಗುತ್ತವೆ. ಗೋಡೆಯ ಮೇಲಿನ ಪಟ ಇರುವುದಿಲ್ಲ. ನೀನೇ ತೆಗೆದಿಟ್ಟು ಮರೆತಿದ್ದೀಯ ಅನ್ನುತ್ತಾನೆ ಗಂಡ. ನಿನ್ನ ತಲೆ ಕೆಡುತ್ತಿದೆ, ನಿಮ್ಮಮ್ಮನಿಗೂ ಹಾಗೇ ಆಗಿತ್ತಲ್ಲ ಅನ್ನುತ್ತಾನೆ. ಅವಳು ನಂಬಲು ಶುರುಮಾಡಿದ್ದಾಳೆ.

ಆದರೆ ಒಂದು ವಿಷಯ ಅವಳಿಗೆ ಬಗೆಹರಿಯುವುದಿಲ್ಲ. ಸಂಜೆ ಗಂಡ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಅವಳ ಕೋಣೆಯ ದೀಪ ಕುಗ್ಗುತ್ತದೆ. ಅವನು ಬರುವ ಮುಂಚೆ ಮತ್ತೆ ಏಳುತ್ತದೆ. ಆಗಿನ ಲಂಡನ್ ಮನೆಗಳಲ್ಲಿ ದೀಪ ಗ್ಯಾಸಿನದು. ಎಲ್ಲ ಕೋಣೆಗೂ ಗ್ಯಾಸು ಬರುವುದು ಒಂದೇ ಕೊಳವೆಯಿಂದ. ಒಂದು ಕಡೆ ಹೊಸದಾಗಿ ದೀಪ ಹಚ್ಚಿದರೆ ಇನ್ನೊಂದು ಕಡೆ ಉರಿಯುತ್ತಿರುವ ದೀಪ ಒಂಚೂರು ಮಂಕಾಗುತ್ತದೆ. ನಮ್ಮಲ್ಲಿ ಪಕ್ಕದ ಮನೆಯವರು ಮೋಟಾರು ಹಾಕಿದರೆ ಬಲ್ಬು ಮಂಕಾಗುವುದಿಲ್ಲವೇ, ಹಾಗೆ. ಅಂದರೆ ಮನೆಯಲ್ಲಿ ಇನ್ನೆಲ್ಲೋ ಯಾರೋ ದೀಪ ಹಚ್ಚಿದ್ದಾರೆ. ಮುಚ್ಚಿಟ್ಟ ಮೇಲಿನ ಮಹಡಿಯಲ್ಲಿ ಹೆಜ್ಜೆ ಸದ್ದು ಬೇರೆ. ಹೊರಗೆ ಹೋದೆ ಅಂದ ಗಂಡ ಮೇಲೆ ಇದ್ದಾನೆ. ಹಿಂದೆ ಅದೇ ಮನೆಯಲ್ಲಿ ತಾನೇ ಕೊಂದ ಹೆಂಗಸಿನ ಮಾಣಿಕ್ಯಗಳನ್ನು ಹುಡುಕುತ್ತಿದ್ದಾನೆ.

ಇದೂ ಗುಟ್ಟೇನಲ್ಲ. ನಾಟಕ ಇದನ್ನು ಬಹಳ ಹೊತ್ತು ಮುಚ್ಚಿಡುವುದೂ ಇಲ್ಲ. ನಮ್ಮನ್ನು ಹಿಡಿದು ಕೂರಿಸುವುದು ದೀಪ. ಅದು ಕುಗ್ಗುವುದನ್ನು ನಾವೂ ನೋಡುತ್ತೇವೆ. ಅವಳ ತಲೆ ನೆಟ್ಟಗಿದೆ ಅನ್ನುವುದಕ್ಕೆ ಅವಳ ಹತ್ತಿರ ಇರುವ ಸಾಕ್ಷಿ ಆ ಒಂದು ಮಂಕು ಬೆಳಕು ಮಾತ್ರ. ಒಬ್ಬ ನಿವೃತ್ತ ಪತ್ತೇದಾರ ಅವಳ ಮನೆಗೆ ಬಂದು ಕೂತಿದ್ದಾಗ ದೀಪದ ಬೆಳಕು ಬದಲಾಗುತ್ತದೆ. ಅವನೂ ನೋಡುತ್ತಾನೆ. ಮೊದಲ ಸಲ ಇನ್ನೊಬ್ಬರ ಕಣ್ಣಿಗೂ ಬಿದ್ದಿದೆ! 1944ರಲ್ಲಿ ಇದು ಹಾಲಿವುಡ್ ಸಿನಿಮಾ ಆದಾಗ ಆ ಪಾತ್ರಕ್ಕೆ ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಇವತ್ತು ಹುಡುಗರ ಬಾಯಲ್ಲೂ ಓಡಾಡುವ 'ಗ್ಯಾಸ್‌ಲೈಟಿಂಗ್' ಅನ್ನುವ ಪದ ಹುಟ್ಟಿದ್ದು ಇಲ್ಲಿಂದಲೇ. 2022ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು ಅದನ್ನು ವರ್ಷದ ಪದ ಅಂತ ಆರಿಸಿತು.

ನಾನು ಯಾಕೆ ಈ ದೀಪದ ಹತ್ತಿರ ಇಷ್ಟು ಹೊತ್ತು ನಿಂತೆ ಅಂತ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಚಿಕ್ಕಮ್ಮ ಒಬ್ಬರು ಇದ್ದರು. ವರ್ಷಗಟ್ಟಲೆ ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರು "ರಾತ್ರಿ ಯಾರೋ ಹಿತ್ತಲ ಬಾಗಿಲ ಚಿಲಕ ತೆಗೀತಾರೆ" ಅನ್ನಲು ಶುರುಮಾಡಿದರು. ದಿನಾ ಹೇಳುತ್ತಿದ್ದರು. ಅಮ್ಮ "ಮಾತ್ರೆ ತಗೊಂಡ್ಯಾ?" ಅಂತ ಕೇಳುತ್ತಿದ್ದರು. ಅಪ್ಪ ಡಾಕ್ಟರ ಹತ್ತಿರ ಹೋಗಿ ಡೋಸು ಜಾಸ್ತಿ ಮಾಡಿಸಿಕೊಂಡು ಬಂದರು. ಚಿಕ್ಕಮ್ಮ ಹಗಲೂ ನಿದ್ದೆಗಣ್ಣಿನಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಆಮೇಲೆ ಒಂದು ರಾತ್ರಿ ಅಪ್ಪ ನೀರು ಕುಡಿಯಲು ಎದ್ದಾಗ ಅಣ್ಣ ಸಿಕ್ಕಿಬಿದ್ದ. ಸೆಕೆಂಡ್ ಶೋ ಸಿನಿಮಾ ನೋಡಿಕೊಂಡು ಹಿತ್ತಲಿನಿಂದ ಒಳಗೆ ಬರುತ್ತಿದ್ದ. ತಿಂಗಳಿಂದ ಹಾಗೇ ಮಾಡುತ್ತಿದ್ದನಂತೆ.

ಅಣ್ಣನಿಗೆ ಬೈಗುಳ ಬಿತ್ತು. ಆದರೆ ಚಿಕ್ಕಮ್ಮನ ಹತ್ತಿರ ಹೋಗಿ "ನೀನು ಹೇಳಿದ್ದು ನಿಜ" ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ತೀರಿಕೊಂಡು ಈಗ ಬಹಳ ವರ್ಷ ಆಯಿತು. ಬೆಲ್ಲಾ ಪಕ್ಕದಲ್ಲಿ ಆ ಪತ್ತೇದಾರ ಕೂತು ದೀಪ ನೋಡುವ ದೃಶ್ಯ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಇದನ್ನು ಥ್ರಿಲ್ ಅಂತ ಕರೆಯುತ್ತಾರಲ್ಲ, ನನ್ನ ಮಟ್ಟಿಗೆ ಅದರ ಅರ್ಧ ಭಾಗ ಈ ಗಂಟಲು ಕಟ್ಟುವುದೇ.

ಕನ್ನಡದಲ್ಲಿ ಇದನ್ನು ತ್ರಿವೇಣಿಯವರಷ್ಟು ಚೆನ್ನಾಗಿ ಬಲ್ಲವರು ಯಾರು? ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಅವರ 'ಶರಪಂಜರ' ಥ್ರಿಲ್ಲರ್ ಅಲ್ಲ, ಯಾರೂ ಅದನ್ನು ಹಾಗೆ ಕರೆದಿಲ್ಲ. ಆದರೆ ಹೆರಿಗೆಯ ನಂತರ ಮನಸ್ಸು ಕದಡಿ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುವ ಕಾವೇರಿಯನ್ನು ನೆನಪು ಮಾಡಿಕೊಳ್ಳಿ. 1971ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದಾಗ ಕಲ್ಪನಾ ಅವರು ಆ ಪಾತ್ರ ಮಾಡಿದರು. ಅವಳಿಗೆ ವಾಸಿಯಾಗಿದೆ. ಅವಳ ಮನೆಗೆ ವಾಸಿಯಾಗಿಲ್ಲ. ಅವಳು ನಕ್ಕರೂ ನೋಡುತ್ತಾರೆ, ಅತ್ತರೂ ನೋಡುತ್ತಾರೆ. ಎಲ್ಲರೂ ಏನೋ ಆಗುತ್ತದೆ ಅಂತ ಕಾಯುತ್ತಿದ್ದಾರೆ. ಆ ಕಾಯುವಿಕೆಯೇ ಅವಳನ್ನು ಮತ್ತೆ ಅಂಚಿಗೆ ತಳ್ಳುತ್ತಿದೆ ಅಂತ ನಮಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಮೇಜಿನ ಕೆಳಗಿನ ಬಾಂಬಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಹತ್ತಿರದ ಕಾಲದ ಪುಸ್ತಕ ಅಂದರೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಬಂತು. ಶ್ರೀನಾಥ್ ಪೇರೂರು ಅದನ್ನು ಇಂಗ್ಲಿಷಿಗೆ ತಂದ ಮೇಲೆ ಹೊರದೇಶದವರೂ ಮೆಚ್ಚಿ ಓದಿದರು. ನೂರು ಪುಟದ ಆಸುಪಾಸಿನ ಪುಸ್ತಕ. ಬೆಂಗಳೂರಿನ ಒಂದು ಕುಟುಂಬ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಇದ್ದಕ್ಕಿದ್ದಂತೆ ದುಡ್ಡು ಬಂದಿದೆ. ಕಥೆ ಹೇಳುವವನು ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಅವನು ಸುಳ್ಳು ಹೇಳುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳುವುದೂ ಇಲ್ಲ. ಒಂದು ದಿನ ಒಬ್ಬ ಹೆಂಗಸು ಚಿಕ್ಕಪ್ಪನನ್ನು ಹುಡುಕಿಕೊಂಡು ಡಬ್ಬಿಯಲ್ಲಿ ಅಡುಗೆ ತುಂಬಿಕೊಂಡು ಮನೆ ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದ ಹಾಗೆ ಬೈದು ಓಡಿಸುತ್ತಾರೆ. ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ. ಓದುತ್ತಿದ್ದರೆ ಇದು ಯಾವ ಮನೆಯಲ್ಲೂ ನಡೆಯಬಹುದಾದ ಜಗಳ. ಆದರೆ ಈ ಮನೆ ತನ್ನನ್ನು ಉಳಿಸಿಕೊಳ್ಳಲು ಎಷ್ಟು ದೂರ ಹೋಗಬಹುದು ಅನ್ನುವ ಒಂದು ಸಣ್ಣ ಚಳಿ ಅಲ್ಲಿಂದ ಬೆನ್ನಿಗೆ ಹತ್ತುತ್ತದೆ, ಇಳಿಯುವುದಿಲ್ಲ. ಪುಸ್ತಕದಲ್ಲಿ ಒಂದು ಪೊಲೀಸು ಇಲ್ಲ, ಹೆಣ ಇಲ್ಲ. ಕೊನೆಯ ಪುಟದ ಬಗ್ಗೆ ನಾನು ಇಲ್ಲಿ ಹೇಳುವುದಿಲ್ಲ. ಗುಟ್ಟು ಕೆಡುತ್ತದೆ ಅಂತಲ್ಲ. ಆ ಪುಟವನ್ನು ಆ ಜಾಗದಲ್ಲೇ ಓದಬೇಕು.

ನನಗೆ ಸಿಟ್ಟು ಬರಿಸುವ ಒಂದು ವಿಷಯ ಹೇಳಿ ಮುಗಿಸುತ್ತೇನೆ. ಕೊನೆಯ ಅಧ್ಯಾಯದಲ್ಲಿ "ಅವನಿಗೆ ಮಾನಸಿಕ ಕಾಯಿಲೆ ಇತ್ತು, ಅದಕ್ಕೇ ಕೊಂದ" ಅಂತ ಬರೆದು ಕೈ ತೊಳೆದುಕೊಳ್ಳುವ ಕಥೆಗಳು. ಪುಸ್ತಕವೂ ಇವೆ, ಸಿನಿಮಾ, ವೆಬ್ ಸೀರೀಸೂ ಇವೆ. ತಲೆಯೊಳಗೆ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿ, ತಲೆಯ ಬಾಗಿಲಲ್ಲೇ ನಿಲ್ಲಿಸಿ, ಹೊರಗೆ ಒಂದು ಬೋರ್ಡು ನೇತುಹಾಕಿ ಕಳಿಸುವ ಕೆಲಸ ಅದು. ನಮ್ಮ ಚಿಕ್ಕಮ್ಮ ಜೀವಮಾನದಲ್ಲಿ ಯಾರಿಗೂ ಒಂದು ಏಟು ಹೊಡೆದವರಲ್ಲ. ಹೆದರುತ್ತಿದ್ದವರು ಅವರೇ. ಬರೆಯುವ ಹುಡುಗ ಹುಡುಗಿಯರು ಇಲ್ಲಿ ಇದ್ದೀರಿ. ನಿಮ್ಮಲ್ಲಿ ಒಂದು ಕೇಳಿಕೆ. ಕಾಯಿಲೆಯನ್ನು ಕೊನೆಯ ಪುಟದ ಉತ್ತರವಾಗಿ ಬಳಸಬೇಡಿ. ಅಂಥವರ ಪಕ್ಕ ಕೂತು ಬರೆಯಿರಿ. ಅವರು ಕೇಳಿದ ಚಿಲಕದ ಸದ್ದು ನಮಗೂ ಕೇಳುವ ಹಾಗೆ ಬರೆಯಿರಿ.

ಇಲ್ಲಿಗೆ ನನ್ನ ಮಾತು ಮುಗಿದಿತ್ತು. ಆಮೇಲೆ ಪ್ರಶ್ನೆಗಳು ಬಂದವು. ಮಕ್ಕಳು ಓದಬಹುದಾ ಅಂತ ಒಬ್ಬರು ಕೇಳಿದರು. ಮನೆಯಲ್ಲಿ ದೊಡ್ಡವರು ಜೊತೆಗೆ ಓದಿದರೆ ಹೈಸ್ಕೂಲು ಮಕ್ಕಳಿಗೆ ಪೋ ಕಥೆ ಕೊಡಬಹುದು ಅಂದೆ. ಮೊದಲು ಯಾವುದು ಓದಲಿ ಅಂತ ಇನ್ನೊಬ್ಬರು ಕೇಳಿದರು. ಅದಕ್ಕೂ ಅದನ್ನೇ ಹೇಳಿದೆ. ರಾತ್ರಿ, ಗಟ್ಟಿಯಾಗಿ, ಮನೆಯವರಿಗೆ ಕೇಳುವ ಹಾಗೆ.

ಕೊನೆಗೆ ಹಿಂದಿನ ಸಾಲಿನಿಂದ ಪಿಯುಸಿ ಓದುವ ಹುಡುಗಿ ಎದ್ದು ನಿಂತಳು. "ಮೇಡಂ, ಆ ಟೀಚರ್ ತಗೊಂಡು ಹೋದ್ರಲ್ಲ, ಆ ಪುಸ್ತಕದಲ್ಲಿ ಅವಳಿಗೆ ಯಾವಾಗ ಗೊತ್ತಾಯ್ತು?"

ಆ ಪುಸ್ತಕ ಟೀಚರ್ ಮೂರು ಸಲ ಬಾಡಿಗೆಗೆ ತೆಗೆದುಕೊಂಡು ಹೋಗಿದ್ದರು. ಅವರು ಮಾತ್ರವಲ್ಲ, ಅವರು ಹೇಳಿದ ಮೇಲೆ ಅವರ ಸ್ಕೂಲಿನ ಬೇರೆ ಟೀಚರುಗಳೂ. ಹೊಲಿಗೆ ಸಡಿಲವಾಗಿ ಅದು ಮತ್ತೆ ನನ್ನ ಕೈಗೆ ಬಂತು. ಬಿಚ್ಚಿ ಹಾಳೆಗಳನ್ನು ಜೋಡಿಸುವಾಗ ನೋಡಿದೆ. ಕೊನೆಯ ಪುಟ ಹೊಸದರ ಹಾಗೇ ಇತ್ತು. ಮೂಲೆ ಮಡಚಿ ಮಡಚಿ ಹರಿದು ಹೋಗಿದ್ದು 112ನೇ ಪುಟ. ಅದರಲ್ಲಿ ಹೆಂಡತಿ ಹಾಲಿನ ಲೋಟ ಕೈಯಲ್ಲಿ ಹಿಡಿದುಕೊಂಡಿರುತ್ತಾಳೆ. ಗಂಡ ಕುಡಿ ಅನ್ನುತ್ತಾನೆ. ಅವಳು ಕುಡಿಯುವುದಿಲ್ಲ. ಆರಲಿ ಅನ್ನುತ್ತಾಳೆ.